ಮೇಕೆ ಮಾಳಿಗೆ ಏರಿದ್ದು ಹೇಗೆ

ನಾನು ಓದಲು ಕಲಿತ ಬಗೆಯನ್ನು, ಮೊದಲ ಬಾರಿಗೆ ಬರೆಯುತ್ತಿರುವ ಅಳುಕಿನೊಂದಿಗೆ, ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ.

ಕಲಬುರಗಿ ಕಡೆಯಿಂದ ಬಂದ ನಾವು ಬೆಂಗಳೂರಿನ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯೊಂದರಲ್ಲಿದ್ದೆವು. ನಾನಾಗ ಎರಡನೇ ತರಗತಿ. ಒಂದು ಭಾನುವಾರ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ ಕೊಂಡ ತರುವಾಯ, ಅವ್ವ ಹೊರಗಿನ ತಳ್ಳುಗಾಡಿಯಲ್ಲಿ ನನಗೆ ಹುರಿದ ಕಡಲೆಕಾಯಿ ಕೊಡಿಸಿದಳು. ಗಾಡಿಯ ಚಾಚಾ ಹಳೆಯ ಕಥೆಪುಸ್ತಕವೊಂದರ ಹಾಳೆ ಹರಿದು ಪೊಟ್ಟಣ ಕಟ್ಟಿಕೊಟ್ಟರು.

ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ತಿಂದು ಮುಗಿಸಿ ಹಾಳೆ ಬಿಡಿಸಿದೆ. ಅದು ಕಥೆಯ ಕೊನೆಯ ಪುಟವೆಂದು ಚಿತ್ರಗಳಿಂದಲೇ ತಿಳಿಯಿತು: ಮೇಕೆಯೊಂದು ಮಾಳಿಗೆಯಿಂದ ಇಳಿದು ಮನೆಗೆ ಹೋಗಿತ್ತು. ಅದು ಮಾಳಿಗೆ ಏರಿದ್ದು ಹೇಗೆಂಬುದು ಅಲ್ಲಿರಲಿಲ್ಲ. ಚಾಚಾ ಪುಸ್ತಕದ ಹಿಂದಿನಿಂದ ಹಾಳೆ ಹರಿಯುತ್ತಿದ್ದುದು ನೆನಪಾಯಿತು. ಮೊದಲ ಪುಟ ಬೇರೆಯವರ ಕೈಸೇರುವ ಮುನ್ನ ಅದನ್ನು ಪಡೆಯಲೇಬೇಕೆಂದು ನಿರ್ಧರಿಸಿ ಗಾಡಿಗೆ ಓಡಿದೆ.

ಪುಸ್ತಕ ತೀರಾ ತೆಳ್ಳಗಾಗಿತ್ತು. ಗಿರಾಕಿಯೊಬ್ಬರು ಕಾಯುತ್ತಿದ್ದರು.

“ಚಾಚಾ, ಹರೀಬ್ಯಾಡ್ರಿ! ಆ ಪುಸ್ತಕ ನನಗ ಬೇಕ್ರಿ,” ಎಂದೆ.

“ಅರೆ, ಓದೋಕೆ ಬರುತ್ತಾ ನಿಂಗೆ? ಓದು ನೋಡೋಣ. ಒಂದು ಪುಟ ಓದಿದ್ರೆ ನಿಂದೇ.”

“ಬಸ್ ಬಂತು, ಬಾರವ್ವಾ!” ಎಂದು ಅವ್ವ ಹಿಂದಿನಿಂದ ಕೂಗಿದಳು.

“ಒಂದ ಪುಟ ತಡೀ, ಅವ್ವಾ!”

ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದೆ. ಬೆರಳಿಟ್ಟು ಪುನಃ ಓದಿದೆ. ಗಿರಾಕಿಯೂ ಬಾಗಿ ಕೇಳತೊಡಗಿದರು. ಒಣಗಲು ಹಾಕಿದ್ದ ಹಪ್ಪಳದ ಆಸೆಗೆ ಮೇಕೆ ಏಣಿ ಏರುವ ಹೊತ್ತಿಗೆ ನಮ್ಮ ಬಸ್ ಹೊರಟುಹೋಗಿತ್ತು. ಚಾಚಾ ಪುಸ್ತಕವನ್ನು ನನ್ನ ಕೈಗಿತ್ತು, ಗಿರಾಕಿಗೆ ದಿನಪತ್ರಿಕೆಯ ಹಾಳೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟರು.