ನನ್ನ ಡಾಕ್ಟರೇಟು, ಮಾವನ ಕೊಪ್ಪರಿಗೆ

ಮೊನ್ನೆ ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವಾಗ ಸೀದ ಪಾಕದ ವಾಸನೆ ಕಿಟಕಿಯಿಂದ ಗಪ್ಪನೆ ಮೂಗಿಗೆ ಹೊಡೆಯಿತು... ಪಾಂಡವಪುರದಲ್ಲಿ ನಮ್ಮ ಮನೆ ಹಿಂದಿನ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದ ಮಾವ ನೆನಪಾದರು. ರಕ್ತಸಂಬಂಧವೇನಲ್ಲ, ನಮ್ಮ ಬೀದಿಗೆಲ್ಲ ಅವರು ಮಾವನೇ.

ಆಗ ನಾನು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸ ಆ ವರ್ಷಕ್ಕೆ ಮುಗಿದಿತ್ತು. ಹೊರದೇಶಕ್ಕೆ ಹಾಕಿದ ಅರ್ಜಿಗಳಿಗೆಲ್ಲ ವಿಷಾದದ ಉತ್ತರ. ನಾಗಮಂಗಲದ ಕಚೇರಿಯೊಂದರಲ್ಲಿ ಟೈಪಿಂಗ್ ಕೆಲಸ ಸಿಗುವುದರಲ್ಲಿತ್ತು. ಸೇರಿದ್ದರೆ ವಿಜ್ಞಾನಕ್ಕೆ ಎಳ್ಳುನೀರು ಬಿಟ್ಟಂತೆಯೇ.

"ಅಷ್ಟೊಂದು ಓದಿದ್ದೀಯಲ್ಲವ್ವ, ನಮ್ ಬೆಲ್ಲ ಒಂದಿನ ಚಂದಾಗಿ, ಒಂದಿನ ಕರ್ರಗೆ ಯಾಕ್ ಬತ್ತದೆ ಯೋಳು ನೋಡವಾ" ಎಂದರು ಮಾವ ಒಂದು ದಿನ.

ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣವನ್ನು ಕೈಯಂದಾಜಿನಲ್ಲಿ ಹಾಕುವುದೇ ತಪ್ಪು ಎಂದು ಅವರ ಮುಖಕ್ಕೇ ಹೇಳಿದೆ. ನಾನೇ ಅಳೆದು ಕೊಟ್ಟೆ. ಮೂರು ದಿನ ಬೆಲ್ಲಕ್ಕೆ ಹೊನ್ನಿನ ಬಣ್ಣ. ಅಬ್ಬಾ, ನನ್ನ ಜಂಭ ನೋಡಬೇಕಿತ್ತು! ನಾಲ್ಕನೆಯ ದಿನ ಬೇರೆ ಗದ್ದೆಯ ಕಬ್ಬು ಬಂತು. ಮಾವ ಏನೋ ಹೇಳಲು ಬಾಯಿ ತೆರೆದರು, ನಾನು ಕೇಳಲಿಲ್ಲ. ಅದೇ ಅಳತೆ ಹಾಕಿಸಿದೆ. ಪಾಕ ಕಪ್ಪಾಗಿ, ಅಚ್ಚಿನಲ್ಲಿ ಗಟ್ಟಿಯಾಗದೆ ಹರಿಯಿತು. ಇಡೀ ಕೊಪ್ಪರಿಗೆ ಹಾಳು. ನಾಚಿಕೆಯಿಂದ ಸತ್ತೇಹೋದೆ.

ಮಾವ ಬೈಯಲಿಲ್ಲ. "ಇದು ಕೂಳೆ ಕಬ್ಬು ಕಣವ್ವ, ಕಡಿದ ಬುಡದಲ್ಲೇ ತಿರುಗಾ ಚಿಗುರಿದ್ದು. ಮೊದಲ್ನೇ ಬೆಳೆಯಂಗೆ ಸುಣ್ಣ ತಡೀತದಾ? ಓಯ್ತು, ಓಗ್ಲಿ ಬುಡು. ಯಾವ್ ಕಬ್ಬಿಗೆ ಎಷ್ಟು ಅಂತ ನಾಳಿಂದ ಬರ್ಕೊ. ನನ್ ಕೈಗೆ ಗೊತ್ತು, ಬಾಯಲ್ಲಿ ಯೋಳಾಕೆ ಬರಾಕಿಲ್ಲ."

ನಾಗಮಂಗಲಕ್ಕೆ ಹೋಗಲಿಲ್ಲ. ಎರಡು ಹಂಗಾಮು ಅವರ ಪಕ್ಕದಲ್ಲೇ ಕೂತು ಒಂದೊಂದು ಕೊಪ್ಪರಿಗೆಯ ವಿವರವನ್ನೂ ಬರೆದೆ. ಹೊಗೆಗೆ ಕಣ್ಣುರಿದರೂ ಅಷ್ಟು ಖುಷಿಯಿಂದ ನಾನು ಯಾವ ಪ್ರಯೋಗವನ್ನೂ ಮಾಡಿರಲಿಲ್ಲ. ಆ ಬರಹ ತೋರಿಸಿದ್ದಕ್ಕೇ ಬೆಲ್ಲ ಪರೀಕ್ಷಿಸುವ ನನ್ನ ಸಣ್ಣ ಪ್ರಯೋಗಾಲಯಕ್ಕೆ ಸರ್ಕಾರದ ನೆರವು ಸಿಕ್ಕಿದ್ದು. ಅದರ ಬಾಗಿಲು ತೆರೆಯುವ ಮೊದಲೇ ಮಾವ ಹೋಗಿಬಿಟ್ಟರು...

ಈಗ ಸುತ್ತಲ ನಾಲ್ಕು ತಾಲ್ಲೂಕುಗಳಿಂದ ಆಲೆಮನೆಯವರು ಬರುತ್ತಾರೆ. ಈ ವಾರ ಹಿರಿಯರೊಬ್ಬರು ಬಂದು ಸುಣ್ಣದ ಅಳತೆ ಕೇಳಿದರು. "ಮೊದಲು ಕಬ್ಬು ಯಾವುದು ಹೇಳಿ" ಎಂದೆ. ಅವರು ನಕ್ಕರು.

"ಪರ್ವಾಗಿಲ್ವೆ ಡಾಕ್ಟ್ರಮ್ಮ, ನಿಮ್ಗೆ ಕೆಲ್ಸ ಗೊತ್ತದೆ" ಎಂದರು.

ಅದನ್ನು ಕೇಳಲು ಮಾವ ಇರಬೇಕಿತ್ತು.