ನೀರು ಏರಿಸಿದ ಸಾಹೇಬ

ಗುಡ್ಡದ ಮೇಲಿನ ಜೌಗು ನೆಲ ಎಷ್ಟು ಸುಧಾರಿಸಿದೆ ಎಂದು ನೋಡಲು ಕಚೇರಿಯಿಂದ ಬಂದ ಸಾಹೇಬನಲ್ಲಿ ಅಜ್ಜಿಯ ಕಣ್ಣಿಗೆ ಮೊದಲು ಬಿದ್ದದ್ದು ಬೂಟು. ಮೊಣಕಾಲುದ್ದದ ರಬ್ಬರ್ ಬೂಟು, ಒಂದು ಚುಕ್ಕೆ ಕೆಸರಿಲ್ಲ. ಜೌಗು ದಾಟಲು ಹಾಸಿದ್ದ ಹಲಗೆಯ ಮೇಲೆ ನಿಂತವನು ಕೆಳಗಿಳಿಯಲೇ ಇಲ್ಲ.

"ಇಲ್ಲಿ ಹಾವುಗೀವು ಇದೆಯಾ ಅಜ್ಜಿ?" ಎಂದು ಕೇಳಿದ.

ಇವೆ, ಆದರೆ ಅವಕ್ಕೂ ಒಂದು ಮರ್ಯಾದೆ ಇದೆ, ಎಲ್ಲರ ಕಾಲಿಗೂ ಬಾಯಿ ಹಾಕುವುದಿಲ್ಲ ಎಂದಳು ಅಜ್ಜಿ. ಅವನಿಗೆ ಸಮಾಧಾನವಾಯಿತು.

ಹಿಂದೆ ಯಾರೋ ಹುಲ್ಲಿನ ಆಸೆಗೆ ಆ ನೆಲದಲ್ಲಿ ಕಾಲುವೆ ತೋಡಿ ನೀರು ಬಸಿದುಬಿಟ್ಟಿದ್ದರು. ಹನ್ನೆರಡು ವರ್ಷದ ಕೆಳಗೆ ಕಚೇರಿಗೆ ಬುದ್ಧಿ ಬಂದು, ನೆಲದಲ್ಲಿ ನೀರು ಮತ್ತೆ ನಿಲ್ಲಲೆಂದು ಅರ್ಧ ಕಾಲುವೆಗಳಿಗೆ ಹಲಗೆ ಅಡ್ಡ ಹಾಕಿಸಿತು. ಇನ್ನರ್ಧ ಬಾಯಿ ಬಿಟ್ಟುಕೊಂಡೇ ಇದ್ದವು. ನೀರಿನ ಮಟ್ಟ ನೋಡಲು ಒಂದು ಪೈಪನ್ನು ಅಡಿಯ ಬಂಡೆಗೆ ತಾಗುವಷ್ಟು ಆಳಕ್ಕೆ ಹೊಡೆದರು. ವಾರಕ್ಕೊಮ್ಮೆ ಪೈಪಿನ ಬಾಯಿಂದ ದಾರ ಇಳಿಬಿಟ್ಟು ಅಳೆಯುವುದು ಅಜ್ಜಿಯ ಗಂಡನ ಕೆಲಸವಾಗಿತ್ತು, ಅವನು ಹೋದ ಮೇಲೆ ಅಜ್ಜಿಯದಾಯಿತು. ಅಕ್ಷರ ಓದಲು ಅವಳು ತಡವರಿಸುತ್ತಿದ್ದಳು, ಅಂಕಿ ತಪ್ಪುತ್ತಿರಲಿಲ್ಲ.

ಬೇಸಿಗೆಯಲ್ಲಿ ಆ ಜೌಗಿನಿಂದ ಒಸರಿದ ನೀರೇ ಕೆಳಗಿನ ಹಳ್ಳ. ಆ ಹಳ್ಳವನ್ನೇ ನಂಬಿ ಸೊಸೆ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದಳು. ಎರಡು ಬೇಸಿಗೆಯಿಂದ ಹಳ್ಳ ಬತ್ತುತ್ತಿತ್ತು. ಉಳಿದ ಕಾಲುವೆಗಳನ್ನು ಮುಚ್ಚದಿದ್ದರೆ ಅಂಗಡಿಗೆ ಬೀಗ. ನೆಲ ಸುಧಾರಿಸಿದೆ ಎಂದು ಸಾಹೇಬ ಬರೆದರೆ ಯಾರೂ ಮುಚ್ಚುವುದಿಲ್ಲ.

ಸಾಹೇಬ ದರ್ಜಿಯ ಅಂಗಡಿ ಮೇಲಿನ ಕೋಣೆಯಲ್ಲಿ ಒಂದು ವರ್ಷವಿದ್ದ. ಗುಡ್ಡ ಹತ್ತಿದ್ದು ನಾಲ್ಕು ಸಲ. ಬೂಟು ತೊಳೆದದ್ದು ಮಾತ್ರ ದಿನವೂ. ಜೊತೆಗೆ ಕೆಲಸಕ್ಕೆ ಸೇರಿದವರೆಲ್ಲ ಬಡ್ತಿ ಪಡೆದು ಮೇಲೆ ಹೋದರು, ನೀವು ಮಾತ್ರ ಇದ್ದಲ್ಲೇ ಇದ್ದೀರಿ ಎಂದು ಹೆಂಡತಿ ಫೋನಿನಲ್ಲಿ ಬೈಯುವುದು ದರ್ಜಿಗೆ ಬಾಯಿಪಾಠವಾಗಿತ್ತು. ಬೈಸಿಕೊಂಡ ಮರುದಿನವೇ ಸಾಹೇಬ ಗುಡ್ಡ ಹತ್ತುವುದು.

ನಾಲ್ಕನೆಯ ಸಲ ಅವನು ನೆಲಕ್ಕೆ ಅಳತೆಪಟ್ಟಿ ಊರಿ ಪೈಪಿನೊಳಗಿನ ನೀರು ಲೆಕ್ಕ ಹಾಕಿದ. ಪೈಪು ನೆಟ್ಟ ದಿನ ನೀರು ನೆಲದಿಂದ ಎಂಟು ಬೆರಳು ಕೆಳಗಿತ್ತು, ಈಗ ನಾಲ್ಕೇ ಬೆರಳು. ನೀರು ಏರಿದೆ, ನೆಲ ಸುಧಾರಿಸಿದೆ ಎಂದು ಹಿಗ್ಗಿದ.

ಅಜ್ಜಿ ತನ್ನ ದಾರ ತೋರಿಸಿದಳು. ಪೈಪಿನ ಬಾಯಿಂದ ನೀರಿಗೆ ಅಂದು ಎಷ್ಟೋ ಇಂದೂ ಅಷ್ಟೇ. ಬಂಡೆಯ ಮೇಲೆ ನಿಂತ ಪೈಪು ಅಲ್ಲಾಡಿಲ್ಲ. ಮೊದಲು ನೆಲದಿಂದ ಒಂದು ಗೇಣು ಮೇಲಿದ್ದ ಪೈಪು ಈಗ ಒಂದು ಗೇಣು ನಾಲ್ಕು ಬೆರಳು ಕಾಣುತ್ತದೆ.

"ನೀರು ಏರಿಲ್ಲ ಸಾಹೇಬ್ರೇ. ನೆಲ ಒಣಗಿ ಕುಸಿದಿದೆ. ಕುರ್ಚಿ ಮುರಿದು ನೆಲಕ್ಕೆ ಕೂತೋನು ನನ್ನ ತಲೆ ಮೇಲಿನ ಸೂರು ಎತ್ತರ ಆಯ್ತು ಅಂದ ಹಾಗಾಯ್ತು ನಿಮ್ಮ ಮಾತು."

"ಅಳತೆ ನೆಲದಿಂದಲೇ ಅಂತ ಆದೇಶ ಇದೆ ಅಜ್ಜಿ. ನೆಲ ಕುಸಿದರೆ ಅದು ನೆಲದ ತಪ್ಪು."

ವರದಿಯಲ್ಲಿ ಅವನ ಅಂಕಿಯ ಕೆಳಗೆ ಅಳೆಯುವವಳ ರುಜುವೂ ಬೇಕಿತ್ತು. ಅಜ್ಜಿ ಹಾಕಲಿಲ್ಲ. ಸೊಸೆ ದಾರದ ಅಳತೆಗಳನ್ನೆಲ್ಲ ಕಾಗದಕ್ಕಿಳಿಸಿ ಮೇಲಿನ ಕಚೇರಿಗೆ ಕಳಿಸಿದಳು. ಇಬ್ಬರು ದೊಡ್ಡ ಅಧಿಕಾರಿಗಳು ತಾವೇ ಬಂದು ಪೈಪು ನೋಡುತ್ತೇವೆಂದು ಉತ್ತರ ಬರೆದರು.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ ಸಾಹೇಬ ಅಂಗಡಿಗೆ ಬಂದ. ಸೊಸೆ ಹಾಸಿಗೆಬಟ್ಟೆ ಹಿಂಡುತ್ತಿದ್ದಳು. ಅವನು ಅವಳ ಮುಖ ನೋಡಲಿಲ್ಲ. ಅಜ್ಜಿಯ ಪಕ್ಕದ ಸ್ಟೂಲಿನಲ್ಲಿ ಕೂತು ಅವಳ ಆರೋಗ್ಯ ವಿಚಾರಿಸಿದ, ಮೊಣಕಾಲು ನೋವಿಗೆ ಒಳ್ಳೆಯ ಎಣ್ಣೆಯಿದೆ, ತರಿಸಿಕೊಡುತ್ತೇನೆ ಎಂದ. ವರ್ಷವಿಡೀ ಇಲ್ಲದ ಕಕ್ಕುಲಾತಿ. ಅಜ್ಜಿ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ದನಿ ತಗ್ಗಿಸಿ, ಕಲಿತವನು ಕಲಿಯದವಳಲ್ಲಿ ಸಲಹೆ ಕೇಳುವ ಹಾಗೆ, ಕೇಳಿದ:

"ಅಜ್ಜಿ, ಮೊದಲಿನ ಹಾಗೆ ಒಂದೇ ಗೇಣು ಕಾಣೋ ಹಾಗೆ ಆ ಪೈಪಿನ ಬಾಯಿ ನಾಲ್ಕು ಬೆರಳು ಕೊಯ್ದುಬಿಟ್ಟರೆ ಯಾರಿಗಾದ್ರೂ ಗೊತ್ತಾಗತ್ತಾ?"