ಸೋಲಾರ್ ಪ್ಯಾನೆಲ್ಲಿಗೆ ನೆರಳು

ಗೆಳೆಯರೇ, ನಾನೇ ಕೈಯಾರೆ ಜೋಡಿಸಿದ ಸೋಲಾರ್ ಇಂದು ಕೈಕೊಟ್ಟಿತು. ನಿನ್ನೆ ಖಾಲಿಯಾದ ಬ್ಯಾಟರಿ ಬೆಳಿಗ್ಗೆಯಿಂದ ತುಂಬಲೇ ಇಲ್ಲ. ವೈರು ಬಿಚ್ಚಿ ಮತ್ತೆ ಕಟ್ಟಿದೆ, ಟರ್ಮಿನಲ್ ಉಜ್ಜಿದೆ, ಚಾರ್ಜರನ್ನು ಬೈದೆ. ಇಳಿಹೊತ್ತಿನಲ್ಲಿ ಸುಸ್ತಾಗಿ ಮಾಳಿಗೆ ಹತ್ತಿದರೆ ಪ್ಯಾನೆಲ್ಲುಗಳ ಮೇಲೆ ಬಿಗಿಯಾಗಿ ಕಟ್ಟಿದ ಹಸಿರು ಜಾಳಿಗೆ. ಒಣದ್ರಾಕ್ಷಿ ಬಿಸಿಲಿಗೆ ಕಪ್ಪಾಗಬಾರದೆಂದು ನಮ್ಮ ಶೆಡ್ಡಿಗೆ ಕಟ್ಟುತ್ತೇವಲ್ಲ, ಅದೇ.

ಕೆಳಗಿಳಿದು ಪಕ್ಕದ ಮನೆಯ ಕಾಕಾನನ್ನು ಕೇಳಿದೆ.

"ಹೌದು, ನಾನ ಕಟ್ಟೀನಿ. ಸಕ್ಕರಿ ಫ್ಯಾಕ್ಟರಿ ಬೂದಿ ಬೀಳತೈತಂತ ದಿನಾ ಒರಸಾಕತ್ತಿದ್ದಿ. ನೋಡಾಕ ಆಗಲಿಲ್ಲ."

"ಕಾಕಾ, ಅದಕ್ಕ ಬಿಸಿಲ ಬೇಕ್ರಿ."

"ಜಾಳಿಗಿಯಿಂದ ಸೋಸಿ ಬರೋ ಬಿಸಿಲ ಸಾಕು. ನೆಟ್ಟಗ ಬಿದ್ರ ಮಾಲ ಕರ್ರಗಾಗತೈತಿ."

"ಅದು ಮೊದಲಿಂದ ಕರ್ರಗ ಐತ್ರಿ."

ಕಾಕಾ ಮೇಲೆ ಮಾಳಿಗೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟ. "ಹಂಗಾದ್ರ ನಾ ತಡಾ ಮಾಡಿದ್ನಿ."

ನಾನು ಮತ್ತೆ ಮಾಳಿಗೆ ಹತ್ತಿದೆ. ಜಾಳಿಗೆ ಬಿಚ್ಚುವಷ್ಟರಲ್ಲಿ ನಮ್ಮೂರು ಶಿರಗುಪ್ಪಿಯ ಬಿಸಿಲೆಲ್ಲ ಕಬ್ಬಿನ ಗದ್ದೆಯ ಆಚೆ ಇಳಿದಿತ್ತು.

ಸಂಜೆ ಕರೆಂಟ್ ಹೋಯಿತು. ಕಾಕಾ ಎಂದಿನಂತೆ ನಮ್ಮ ಫ್ಯಾನಿನ ಕೆಳಗೆ ಬಂದು ಕುಳಿತ. ಅದು ತಿರುಗಲಿಲ್ಲ.

"ಇಷ್ಟೆಲ್ಲಾ ಮಾಡಿ ಗಾಳೀನ ಬರಾಂಗಿಲ್ಲಂದ್ರ, ಏನ ಜೋಡಿಸಿದೆಪಾ ನೀ?"

ಈಗ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾನೆ. ಸ್ವಲ್ಪ ನನ್ನ ಕಡೆಗೂ ಬರುತ್ತಿದೆ. ಸದ್ಯಕ್ಕೆ ನಮ್ಮ ಮನೆಯಲ್ಲಿ ಕೆಲಸ ಮಾಡುತ್ತಿರುವುದು ಅದೊಂದೇ.